ಸೈನ್ ಎಲ್ಲೆಡೆ ನಡೆಯುತ್ತದೆ, ಕೋಸೈನ್ ಎಲ್ಲೆಡೆ ನಡೆಯುತ್ತದೆ; ಟ್ಯಾನ್ ಮಾತ್ರ ಏಕೆ ನಿಲ್ಲುತ್ತದೆ?

ಪ್ರಶ್ನೆ: ನಾನು ಬಿ.ಎಸ್ಸಿ. ವಿದ್ಯಾರ್ಥಿನಿ. ಸೈನ್ ಮತ್ತು ಕೋಸೈನ್‌ಗಳ ಘಾತ ಶ್ರೇಣಿಗಳು ಯಾವ ಬೆಲೆಗೂ ಸರಿಯಾದ ಉತ್ತರ ಕೊಡುತ್ತವೆ ಎಂದು ಕಲಿತಿದ್ದೇವೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಟ್ಯಾನ್‌ನ ಶ್ರೇಣಿ ಸಿಗುತ್ತದೆ ಎಂದು ಪುಸ್ತಕದಲ್ಲಿದೆ. ನಾನು ಪದಕ್ಕೆ ಪದ ಭಾಗಿಸಿ ನೋಡಿದೆ. ಬೇರೆಯೇ ಉತ್ತರ ಬಂತು. ಕೊನೆಯೇ ಇಲ್ಲದ ಎರಡು ಸಾಲುಗಳನ್ನು ಗುಣಿಸುವುದು, ಭಾಗಿಸುವುದು ಎಂದರೆ ನಿಜವಾಗಿ ಏನು? ಟ್ಯಾನ್‌ನ ಶ್ರೇಣಿ ಪೈ/2ರ ಒಳಗೆ ಮಾತ್ರ ನಡೆಯುತ್ತದೆ ಎನ್ನುತ್ತಾರೆ. ಎಲ್ಲೆಡೆ ನಡೆಯುವ ಎರಡನ್ನು ಭಾಗಿಸಿದರೆ ಎಲ್ಲೆಡೆ ನಡೆಯುವುದೇ ಬರಬೇಕಲ್ಲವೇ?

ಉತ್ತರ: ನಿಮ್ಮ ತಪ್ಪಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದು ಸೊಗಸಾದ ತಪ್ಪು. ಬದಲಾಗುವ ಸಂಖ್ಯೆಯನ್ನು ಇಲ್ಲಿ ‘ಚ’ ಎಂದು ಬರೆಯುತ್ತೇನೆ. ಚರಾಕ್ಷರದ ಚ ಎಂದುಕೊಳ್ಳಿ. ನಿಮ್ಮ ಮುಂದಿದ್ದ ಎರಡು ಸಾಲುಗಳು ಇವು:

ಸೈನ್ ಚ = ಚ − ಚ³/6 + ಚ⁵/120 − ಚ⁷/5040 + …
ಕೋಸೈನ್ ಚ = 1 − ಚ²/2 + ಚ⁴/24 − ಚ⁶/720 + …

ಮೇಲಿನ ಮೊದಲ ಪದವನ್ನು ಕೆಳಗಿನ ಮೊದಲ ಪದದಿಂದ, ಎರಡನೆಯದನ್ನು ಎರಡನೆಯದರಿಂದ ಹೀಗೆ ಭಾಗಿಸುತ್ತ ಹೋದರೆ ಚ + ಚ/3 + ಚ/5 + ಚ/7 + … ಬರುತ್ತದೆ. ನಿಮಗೂ ಇದೇ ಬಂದಿರಬೇಕು. ನೋಡಲು ಎಷ್ಟು ಶಿಸ್ತಾಗಿದೆ! ಆದರೆ 1 + 1/3 + 1/5 + 1/7 + … ಎಂಬ ಮೊತ್ತ ಎಲ್ಲಿಯೂ ನಿಲ್ಲದೆ ಬೆಳೆಯುತ್ತಲೇ ಹೋಗುತ್ತದೆ. ಅಂದರೆ ಚ ಎಷ್ಟೇ ಚಿಕ್ಕದಿರಲಿ, ಸೊನ್ನೆಯಲ್ಲದಿದ್ದರೆ ಸಾಕು, ನಿಮ್ಮ ಟ್ಯಾನ್ ಅನಂತಕ್ಕೆ ಹೋಗುತ್ತದೆ. ಇಂಥ ಅಸಂಬದ್ಧ ಉತ್ತರವನ್ನು ಕಂಡು ನೀವು ಅನುಮಾನಪಟ್ಟಿರಿ. ಅನುಮಾನಪಡದೆ ಮುಂದೆ ಹೋಗುವವರನ್ನು ನಾನು ಮೂವತ್ತು ವರ್ಷ ಕಂಡಿದ್ದೇನೆ.

ತಪ್ಪಿನ ಬೇರು ಅನಂತದಲ್ಲಿಲ್ಲ. (10 + 6) ಅನ್ನು (5 + 2)ರಿಂದ ಭಾಗಿಸಿ ಎಂದರೆ ಯಾರೂ 10/5 + 6/2 = 5 ಎನ್ನುವುದಿಲ್ಲ; ಉತ್ತರ 16/7. ಎರಡೇ ಪದಗಳಿರುವಾಗ ನಡೆಯದ್ದು ಪದಗಳು ಮುಗಿಯದಷ್ಟಿದ್ದಾಗ ನಡೆಯುವುದಾದರೂ ಹೇಗೆ? ಕೂಡುವಾಗ, ಕಳೆಯುವಾಗ ಮಾತ್ರ ಪದಕ್ಕೆ ಪದ. ಗುಣಿಸುವಾಗ ಒಂದು ಸಾಲಿನ ಪ್ರತಿಯೊಂದು ಪದವೂ ಇನ್ನೊಂದು ಸಾಲಿನ ಪ್ರತಿಯೊಂದು ಪದವನ್ನು ಭೇಟಿಯಾಗಲೇಬೇಕು.

ಈ ಭೇಟಿಯನ್ನು ನೀವು ಮೂರನೇ ತರಗತಿಯಲ್ಲೇ ಮಾಡಿದ್ದೀರಿ. 111 ಅನ್ನು 111ರಿಂದ ಗುಣಿಸಿ: ಒಂದರ ಕೆಳಗೊಂದು ಮೂರು ಸಾಲು, ಪ್ರತಿ ಸಾಲನ್ನೂ ಒಂದು ಮನೆ ಎಡಕ್ಕೆ ಸರಿಸಿ ಬರೆದು ಕೂಡಿದರೆ 12321. ಈಗ (1 + ಚ + ಚ²) ಅನ್ನು ಅದರಿಂದಲೇ ಗುಣಿಸಿ: 1 + 2ಚ + 3ಚ² + 2ಚ³ + ಚ⁴. ಅವೇ ಅಂಕೆಗಳು! ಬಿಡಿ, ಹತ್ತು, ನೂರರ ಸ್ಥಾನಗಳಲ್ಲಿ ಚ-ದ ಘಾತಗಳು ಕುಳಿತಿವೆ, ಅಷ್ಟೇ. ಒಂದು ವ್ಯತ್ಯಾಸವಿದೆ, ಅದೂ ನಮಗೆ ಅನುಕೂಲಕರವಾದದ್ದು. ಸಂಖ್ಯೆಗಳಲ್ಲಿ ಒಂದು ಮನೆಯಲ್ಲಿ ಹತ್ತಾದರೆ ಕೈಯಲ್ಲಿ ಒಂದನ್ನು ಇಟ್ಟುಕೊಂಡು ಪಕ್ಕದ ಮನೆಗೆ ದಾಟಿಸಬೇಕು. ಘಾತ ಶ್ರೇಣಿಯಲ್ಲಿ ಕೈಯಲ್ಲಿ ಉಳಿಯುವ ಮಾತೇ ಇಲ್ಲ. ಹತ್ತು ಚ²ಗಳು ಸೇರಿದರೂ ಅವು ಒಂದು ಚ³ ಆಗುವುದಿಲ್ಲ.

ಈ ಹೋಲಿಕೆ ನನ್ನದಲ್ಲ. ನ್ಯೂಟನ್ 1671ರ ಸುಮಾರಿಗೆ ಬರೆದ ಹಸ್ತಪ್ರತಿಯ ಆರಂಭದಲ್ಲೇ ಇದನ್ನು ಹೇಳುತ್ತಾನೆ: ದಶಮಾಂಶ ಸಂಖ್ಯೆಗಳ ಮೇಲೆ ನಾವು ಮಾಡುವ ಕೂಡು, ಕಳೆ, ಗುಣಿಸು, ಭಾಗಿಸು, ವರ್ಗಮೂಲಗಳನ್ನೆಲ್ಲ ಅಕ್ಷರಗಳ ಮೇಲೂ ಹಾಗೆಯೇ ಮಾಡಬಹುದು, ಇದು ಬೇರೆಯವರಿಗೆ ಹೊಳೆಯದೆ ಹೋದದ್ದು ತನಗೆ ಆಶ್ಚರ್ಯ ಎಂದು. 1/3 ಅನ್ನು 0.333… ಎಂದು ಬರೆಯಲು ನಿಮಗೆ ಎಂದೂ ಅಳುಕಿರಲಿಲ್ಲ. 1/(1 − ಚ) ಅನ್ನು 1 + ಚ + ಚ² + … ಎಂದು ಬರೆಯುವುದು ಅದೇ ಕೆಲಸ.

ಇನ್ನು ನಿಯಮ. ಮೊದಲ ಸಾಲಿನ ಸಹಗುಣಕಗಳು, ಅಂದರೆ ಚ-ದ ಘಾತಗಳ ಮುಂದಿರುವ ಸಂಖ್ಯೆಗಳು, ಅ₀, ಅ₁, ಅ₂, …. ಎರಡನೆಯದರವು ಬ₀, ಬ₁, ಬ₂, …. ಗುಣಲಬ್ಧದವು ಕ₀, ಕ₁, ಕ₂, … ಆಗಿರಲಿ.

ಕ₀ = ಅ₀ಬ₀
ಕ₁ = ಅ₀ಬ₁ + ಅ₁ಬ₀
ಕ₂ = ಅ₀ಬ₂ + ಅ₁ಬ₁ + ಅ₂ಬ₀
ಕ₃ = ಅ₀ಬ₃ + ಅ₁ಬ₂ + ಅ₂ಬ₁ + ಅ₃ಬ₀

ಪ್ರತಿ ಸಾಲಿನಲ್ಲೂ ಕೆಳಗಿನ ಎರಡು ಅಂಕೆಗಳ ಮೊತ್ತ ಒಂದೇ. ಇದನ್ನು ಕಣ್ಣಿಗೆ ಕಾಣಿಸಿಕೊಳ್ಳಬೇಕಾದರೆ ಚುಕ್ಕಿ ರಂಗೋಲಿ ಇಡುವಂತೆ ಹಾಳೆಯ ಮೇಲೆ ಚುಕ್ಕಿಗಳನ್ನಿಡಿ. ಅಡ್ಡಸಾಲಿಗೆ ಒಂದೊಂದು ಅ, ಕಂಬಸಾಲಿಗೆ ಒಂದೊಂದು ಬ, ಪ್ರತಿ ಚುಕ್ಕಿಯೂ ಒಂದು ಗುಣಲಬ್ಧ. ಈಗ ಮೇಲಿನ ಎಡ ಮೂಲೆಯಿಂದ ಆರಂಭಿಸಿ ಓರೆಯಾಗಿ ಎಳೆ ಎಳೆಯಿರಿ. ಒಂದು ಓರೆ ಎಳೆಯ ಮೇಲೆ ಬರುವ ಚುಕ್ಕಿಗಳೆಲ್ಲ ಚ-ದ ಒಂದೇ ಘಾತಕ್ಕೆ ಸೇರಿದವು. ಮುಖ್ಯವಾದ ಮಾತು: ಚುಕ್ಕಿಗಳಿಗೆ ಕೊನೆಯಿಲ್ಲದಿದ್ದರೂ ಒಂದೊಂದು ಓರೆ ಎಳೆಯ ಮೇಲೆ ಎಣಿಸಿದಷ್ಟೇ ಚುಕ್ಕಿಗಳಿವೆ. ಚ⁵ರ ಸಹಗುಣಕ ಬೇಕೆಂದರೆ ಆರು ಗುಣಾಕಾರ, ಐದು ಸಂಕಲನ. ಅನಂತವನ್ನು ಮುಟ್ಟುವ ಪ್ರಮೇಯವೇ ಬರುವುದಿಲ್ಲ. ‘ಕೊನೆಯೇ ಇಲ್ಲದ ಸಾಲುಗಳನ್ನು ಗುಣಿಸುವುದು ಎಂದರೆ ಏನು’ ಎಂದು ಕೇಳಿದ್ದಿರಲ್ಲ, ಇದೇ.

ಒಂದನ್ನು ಮಾಡಿಯೇ ಬಿಡೋಣ. ಘಾತೀಯ ಫಲನದ (e-ಯ ಘಾತ ಚ) ಸಹಗುಣಕಗಳು 1, 1, 1/2, 1/6, 1/24, 1/120. ಸೈನ್‌ನವು 0, 1, 0, −1/6, 0, 1/120. ಸೊನ್ನೆಗಳನ್ನೂ ಬರೆದುಕೊಂಡೆ, ಗಮನಿಸಿ. ಖಾಲಿ ಮನೆಗಳನ್ನು ಬಿಟ್ಟು ಬರೆಯುವುದರಿಂದಲೇ ಅರ್ಧದಷ್ಟು ತಪ್ಪುಗಳು ಹುಟ್ಟುತ್ತವೆ. ಗುಣಲಬ್ಧದಲ್ಲಿ ಚ ಮತ್ತು ಚ²ಗಳಿಗೆ ಒಂದೊಂದು ಬರುತ್ತದೆ. ಚ³ಕ್ಕೆ −1/6 + 1/2 = 1/3. ಚ⁴ಕ್ಕೆ −1/6 + 1/6, ಅಂದರೆ ಸೊನ್ನೆ. ಚ⁵ಕ್ಕೆ 1/120 − 1/12 + 1/24 = −1/30. ಆದ್ದರಿಂದ ಗುಣಲಬ್ಧ ಚ + ಚ² + ಚ³/3 − ಚ⁵/30 − … ಎಂದು ಆರಂಭವಾಗುತ್ತದೆ. ಚ = 0.1 ಇಟ್ಟು ನೋಡಿ: 0.1 + 0.01 + 0.000333 = 0.110333. ಕ್ಯಾಲ್ಕುಲೇಟರ್ ಕೂಡ ಆರು ದಶಮಾಂಶಗಳವರೆಗೆ ಅದನ್ನೇ ಹೇಳುತ್ತದೆ.

ಯಾವುದೇ ಶ್ರೇಣಿಯನ್ನು 1 + ಚ + ಚ² + …ದಿಂದ ಗುಣಿಸಿದರೆ ಸಹಗುಣಕಗಳ ಓಡುಮೊತ್ತಗಳು ಸಿಗುತ್ತವೆ, ಅಂಗಡಿ ಲೆಕ್ಕದ ಪುಸ್ತಕದಲ್ಲಿ ಬಲಬದಿಗೆ ‘ಇಲ್ಲಿಯವರೆಗೆ’ ಎಂದು ಬರೆಯುತ್ತ ಹೋದಂತೆ. (1 − ಚ)ದಿಂದ ಗುಣಿಸಿದರೆ ಅದು ಬಿಚ್ಚಿಕೊಳ್ಳುತ್ತದೆ.

ಸಹಗುಣಕಗಳು ಸಿಕ್ಕವು ಸರಿ, ಆ ಹೊಸ ಸಾಲಿನ ಮೊತ್ತ ನಿಜವಾಗಿಯೂ ಎರಡು ಮೊತ್ತಗಳ ಗುಣಲಬ್ಧವೇ? ಇಲ್ಲಿ ಎಚ್ಚರ ಬೇಕು. ನಾವು ಚುಕ್ಕಿಗಳನ್ನು ಬೇರೆ ಕ್ರಮದಲ್ಲಿ, ಓರೆಯಾಗಿ, ಕೂಡಿದ್ದೇವೆ. ಅನಂತ ಮೊತ್ತಗಳಲ್ಲಿ ಕ್ರಮ ಬದಲಾದರೆ ಉತ್ತರವೇ ಬದಲಾಗಬಹುದು. ಕೋಶಿ 1821ರಲ್ಲಿ ತೋರಿಸಿದ್ದು ಇಷ್ಟು: ಎರಡೂ ಸಾಲುಗಳು ನಿರಪೇಕ್ಷವಾಗಿ, ಅಂದರೆ ಪದಗಳ ಚಿಹ್ನೆ ತೆಗೆದು ಎಲ್ಲವನ್ನೂ ಧನ ಮಾಡಿ ಕೂಡಿದರೂ, ಅಭಿಸರಿಸುವುದಾದರೆ (ಮೊತ್ತ ಒಂದು ನಿಶ್ಚಿತ ಸಂಖ್ಯೆಯಲ್ಲಿ ನೆಲೆನಿಲ್ಲುವುದಾದರೆ) ಯಾವ ತೊಂದರೆಯೂ ಇಲ್ಲ. 1875ರಲ್ಲಿ ಮೆರ್ಟೆನ್ಸ್ ಈ ಷರತ್ತನ್ನು ಸಡಿಲಿಸಿ, ಎರಡೂ ಅಭಿಸರಿಸಿ ಅವುಗಳಲ್ಲಿ ಒಂದು ನಿರಪೇಕ್ಷವಾಗಿದ್ದರೆ ಸಾಕು ಎಂದು ಸಾಧಿಸಿದ.

ಷರತ್ತನ್ನು ಪೂರ್ತಿ ಕೈಬಿಟ್ಟರೆ? 1 − 1/√2 + 1/√3 − 1/√4 + … ಎಂಬ ಸಾಲು ಅಭಿಸರಿಸುತ್ತದೆ, ಆದರೆ ನಿರಪೇಕ್ಷವಾಗಿ ಅಲ್ಲ. ಇದನ್ನು ಇದರಿಂದಲೇ ಗುಣಿಸಿ. ಹತ್ತು ಚುಕ್ಕಿಗಳ ಒಂದು ಓರೆ ಎಳೆಯನ್ನು ತೆಗೆದುಕೊಂಡರೆ ಅದರ ಮೇಲಿನ ಎಲ್ಲ ಗುಣಲಬ್ಧಗಳಿಗೂ ಒಂದೇ ಚಿಹ್ನೆ, ಪ್ರತಿಯೊಂದರ ಗಾತ್ರವೂ ಕನಿಷ್ಠ 2/11. ಹತ್ತು ಸೇರಿದರೆ 20/11ಕ್ಕಿಂತ ಕಡಿಮೆಯಿಲ್ಲ. ನೂರು ಚುಕ್ಕಿಗಳ ಎಳೆಗೆ 200/101. ಎಳೆಗಳ ಮೊತ್ತ ಸೊನ್ನೆಯತ್ತ ಇಳಿಯುವುದೇ ಇಲ್ಲ, ಆದ್ದರಿಂದ ಗುಣಲಬ್ಧದ ಸಾಲು ಅಭಿಸರಿಸುವುದಿಲ್ಲ. ಒಳ್ಳೆಯ ಎರಡು ಸಾಲುಗಳಿಂದ ಕೆಟ್ಟ ಸಾಲು ಹುಟ್ಟಿತು!

ನಿಮ್ಮ ಪುಣ್ಯಕ್ಕೆ ಘಾತ ಶ್ರೇಣಿಗಳಲ್ಲಿ ಇದರ ಕಾಟ ಗಡಿಯಲ್ಲಿ ಮಾತ್ರ. ಅಭಿಸರಣ ತ್ರಿಜ್ಯದ (ಸೊನ್ನೆಯಿಂದ ಎಷ್ಟು ದೂರದವರೆಗೆ ಶ್ರೇಣಿ ನಡೆಯುತ್ತದೋ ಆ ದೂರದ) ಒಳಗೆ ಪ್ರತಿ ಘಾತ ಶ್ರೇಣಿಯೂ ನಿರಪೇಕ್ಷವಾಗಿಯೇ ಅಭಿಸರಿಸುತ್ತದೆ. ಆದ್ದರಿಂದ ಎರಡು ತ್ರಿಜ್ಯಗಳಲ್ಲಿ ಚಿಕ್ಕದರ ಒಳಗೆ ಧೈರ್ಯವಾಗಿ ಗುಣಿಸಬಹುದು. ಕೆಲವೊಮ್ಮೆ ಗುಣಲಬ್ಧ ಇನ್ನೂ ದೂರ ನಡೆಯುತ್ತದೆ. (1 − ಚ) ಮತ್ತು 1 + ಚ + ಚ² + … ಗುಣಿಸಿದರೆ ಬರೀ 1 ಬರುತ್ತದೆ, ಅದಕ್ಕೆ ಯಾವ ಗಡಿ?

ಈಗ ಭಾಗಾಕಾರ. ನನ್ನ ಮಟ್ಟಿಗೆ ಭಾಗಾಕಾರ ಎಂಬ ಬೇರೆ ಕ್ರಿಯೆಯೇ ಇಲ್ಲ. ಹದಿನೆಂಟನ್ನು ಆರರಿಂದ ಭಾಗಿಸು ಎಂದರೆ ಆರರ ಮಗ್ಗಿ ಹೇಳುತ್ತ ಹೋಗು ಎಂದೇ ಅರ್ಥ. ಟ್ಯಾನ್ ಗೊತ್ತಿಲ್ಲ, ಆದರೆ ಅದನ್ನು ಕೋಸೈನ್‌ನಿಂದ ಗುಣಿಸಿದರೆ ಸೈನ್ ಬರಬೇಕು ಎಂಬುದು ಗೊತ್ತು. ಗೊತ್ತಿಲ್ಲದ ಸಹಗುಣಕಗಳಿಗೆ ಹೆಸರಿಟ್ಟು ಗುಣಿಸಿ, ಓರೆ ಎಳೆಗಳನ್ನು ಒಂದೊಂದಾಗಿ ಹೊಂದಿಸುವುದಷ್ಟೇ ಕೆಲಸ. ಟ್ಯಾನ್ ಬೆಸ ಫಲನವಾದ್ದರಿಂದ (ಚ-ದ ಚಿಹ್ನೆ ತಿರುಗಿಸಿದರೆ ಅದರ ಚಿಹ್ನೆಯೂ ತಿರುಗುತ್ತದೆ) ಬೆಸ ಘಾತಗಳು ಸಾಕು: ಕ₁ಚ + ಕ₃ಚ³ + ಕ₅ಚ⁵ + ಕ₇ಚ⁷ + …

ಚ: ಕ₁ = 1.
ಚ³: ಕ₃ − ಕ₁/2 = −1/6. ಆದ್ದರಿಂದ ಕ₃ = 1/2 − 1/6 = 1/3.
ಚ⁵: ಕ₅ − ಕ₃/2 + ಕ₁/24 = 1/120. ಆದ್ದರಿಂದ ಕ₅ = 1/6 − 1/24 + 1/120 = 16/120 = 2/15.
ಚ⁷: ಕ₇ − ಕ₅/2 + ಕ₃/24 − ಕ₁/720 = −1/5040. ಆದ್ದರಿಂದ ಕ₇ = 1/15 − 1/72 + 1/720 − 1/5040 = 272/5040 = 17/315.

ಪ್ರತಿ ಹೆಜ್ಜೆಯಲ್ಲೂ ಗೊತ್ತಿಲ್ಲದ್ದು ಒಂದೇ ಒಂದು. ಅದರ ಹಿಂದಿನವೆಲ್ಲ ಕೈಗೆ ಸಿಕ್ಕಾಗಿದೆ. ಹೀಗಾಗಲು ಕಾರಣ ಕೋಸೈನ್‌ನ ಮೊದಲ ಪದ 1, ಸೊನ್ನೆಯಲ್ಲ. ಭಾಜಕದ ಸ್ಥಿರಪದ ಸೊನ್ನೆಯಾಗಿರಬಾರದು ಎಂಬ ನಿಯಮ ಎಲ್ಲಿಂದ ಬಂತು ಎಂದು ಇನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಶಾಲೆಯಲ್ಲಿ ಬಹುಪದೋಕ್ತಿಗಳಿಗೆ ಮಾಡಿದ ದೀರ್ಘ ಭಾಗಾಕಾರವನ್ನೂ ಇಲ್ಲಿ ಮಾಡಬಹುದು. ಅಲ್ಲಿ ದೊಡ್ಡ ಘಾತದಿಂದ ಇಳಿಯುತ್ತಿದ್ದೆವು, ಇಲ್ಲಿ ಚಿಕ್ಕ ಘಾತದಿಂದ ಏರುತ್ತೇವೆ. ಎರಡು ದಾರಿಗಳೂ ಅದೇ ಉತ್ತರಕ್ಕೆ ಹೋಗುತ್ತವೆ. ಪರೀಕ್ಷೆಯ ಹಾಳೆಯಲ್ಲಿ ನಾನು ಮೊದಲನೆಯದನ್ನೇ ಇಷ್ಟಪಡುತ್ತೇನೆ, ಎಲ್ಲಿ ಎಡವಿದ್ದೀರಿ ಎಂದು ಕಾಣುತ್ತದೆ.

ಎಡವುವುದರ ಬಗ್ಗೆ ಒಂದು ಕಥೆ. ಸ್ಕಾಟ್ಲೆಂಡಿನ ಜೇಮ್ಸ್ ಗ್ರೆಗರಿ 1671ರ ಫೆಬ್ರುವರಿಯಲ್ಲಿ ಲಂಡನ್ನಿನ ಜಾನ್ ಕಾಲಿನ್ಸ್‌ಗೆ ಬರೆದ ಪತ್ರದಲ್ಲಿ ಟ್ಯಾನ್‌ನ ಶ್ರೇಣಿಯನ್ನು ಕೊಟ್ಟ. ಚ⁷ರವರೆಗೆ ಎಲ್ಲ ಸರಿಯಾಗಿದೆ. ಚ⁹ರ ಸಹಗುಣಕವನ್ನು ಮಾತ್ರ 3233/181440 ಎಂದು ಬರೆದ. ಸರಿಯಾದದ್ದು 62/2835, ಅದೇ ಛೇದಕ್ಕೆ ತಂದರೆ 3968/181440. ಆತ ಭಾಗಾಕಾರದ ದಾರಿ ಹಿಡಿದಿರಲಿಲ್ಲ, ಒಂದರ ಮೇಲೊಂದು ಅವಕಲನ ಮಾಡುತ್ತ ಹೋಗಿದ್ದ. ನಡುವೆ ಒಂದು ಲೆಕ್ಕ ತಪ್ಪಿತು. ಆ ತಪ್ಪೇ ಮುಂದೆ ಇತಿಹಾಸಕಾರರಿಗೆ ಆತನ ವಿಧಾನ ಯಾವುದೆಂದು ಪತ್ತೆಹಚ್ಚುವ ಸುಳಿವಾಯಿತು. ಬಂದ ಉತ್ತರವನ್ನು ಕೋಸೈನ್‌ನಿಂದ ಒಮ್ಮೆ ಗುಣಿಸಿ ನೋಡಿದ್ದರೆ ಒಂಬತ್ತನೆಯ ಘಾತದಲ್ಲಿ 1/362880 ಬರದಿರುವುದು ಅಲ್ಲೇ ಕಣ್ಣಿಗೆ ಬೀಳುತ್ತಿತ್ತು.

ಗುಣಿಸದೆಯೂ ಆ ತಪ್ಪನ್ನು ಹಿಡಿಯಬಹುದು, ಮತ್ತು ಆ ದಾರಿ ನಿಮ್ಮ ಕೊನೆಯ ಪ್ರಶ್ನೆಗೆ ನೇರವಾಗಿ ಹೋಗುತ್ತದೆ. ಪ್ರತಿ ಸಹಗುಣಕವನ್ನು ಅದರ ಹಿಂದಿನದರಿಂದ ಭಾಗಿಸಿ. 1/3 ಭಾಗಿಸು 1: 0.3333. 2/15 ಭಾಗಿಸು 1/3: 0.4. 17/315 ಭಾಗಿಸು 2/15: 0.4048. 62/2835 ಭಾಗಿಸು 17/315: 0.4052. ಈ ಅನುಪಾತಗಳು ಒಂದು ಸಂಖ್ಯೆಯ ಹತ್ತಿರ ಬಂದು ನೆಲೆನಿಲ್ಲುತ್ತಿವೆ. ಗ್ರೆಗರಿಯ ಸಂಖ್ಯೆಯನ್ನು ಹಾಕಿದರೆ ಕೊನೆಯ ಅನುಪಾತ 0.3302ಕ್ಕೆ ದಿಢೀರನೆ ಕುಸಿಯುತ್ತದೆ. ನಿಯತ್ತಾಗಿ ನಡೆಯುತ್ತಿದ್ದ ಸಾಲು ಹೀಗೆ ಮುಗ್ಗರಿಸುವುದಿಲ್ಲ.

ಆ ನೆಲೆನಿಲ್ಲುವ ಸಂಖ್ಯೆ ಯಾವುದು? 4/ಪೈ², ಅಂದರೆ 0.40528. ಒಂದು ಪದದಿಂದ ಮುಂದಿನ ಪದಕ್ಕೆ ಹೋಗುವಾಗ ಚ² ಒಂದು ಸಲ ಹೆಚ್ಚು ಗುಣವಾಗುತ್ತದೆ, ಜೊತೆಗೆ ಹೆಚ್ಚುಕಡಿಮೆ 0.405. ಆದ್ದರಿಂದ 0.405 × ಚ² ಒಂದಕ್ಕಿಂತ ಕಡಿಮೆಯಿದ್ದರೆ ಪದಗಳು ಗುಣೋತ್ತರ ಶ್ರೇಢಿಯಂತೆ ಕುಗ್ಗುತ್ತವೆ, ಹೆಚ್ಚಿದ್ದರೆ ಹಿಗ್ಗುತ್ತವೆ. ಗಡಿ ಇರುವುದು ಚ = ಪೈ/2ರಲ್ಲಿ, 1.5708ರಲ್ಲಿ. ಸಹಗುಣಕಗಳೇ ತಮ್ಮ ಗಡಿಯನ್ನು ಹೇಳಿಕೊಳ್ಳುತ್ತಿವೆ.

ಗಡಿ ಅಲ್ಲೇ ಏಕೆ ಬಂತು ಎಂದರೆ ಅಲ್ಲಿ ಕೋಸೈನ್ ಸೊನ್ನೆಯಾಗುತ್ತದೆ. ಸೈನ್, ಕೋಸೈನ್ ಎರಡೂ ಎಲ್ಲೆಡೆ ನಡೆಯುವುದು ನಿಜ. ಆದರೆ ಭಾಗಿಸುವವನು ಕೇಳಬೇಕಾದ ಪ್ರಶ್ನೆ ಅದೊಂದೇ ಅಲ್ಲ; ಭಾಜಕ ಎಲ್ಲಿ ಸೊನ್ನೆಯಾಗುತ್ತದೆ ಎಂಬುದನ್ನೂ ಕೇಳಬೇಕು. ಗೂಟಕ್ಕೆ ಕಟ್ಟಿದ ಹಸುವನ್ನು ನೆನೆಸಿಕೊಳ್ಳಿ. ನಮ್ಮ ಶ್ರೇಣಿಗಳ ಗೂಟ ಸೊನ್ನೆಯಲ್ಲಿದೆ. ಸೈನ್‌ನ ಹಗ್ಗಕ್ಕೆ ಕೊನೆಯಿಲ್ಲ, ಕೋಸೈನ್‌ನದಕ್ಕೂ ಇಲ್ಲ. ಟ್ಯಾನ್‌ನ ಹಗ್ಗದ ಉದ್ದ ಮಾತ್ರ ಹತ್ತಿರದ ಬಾವಿಯವರೆಗೆ, ಅಂದರೆ ಕೋಸೈನ್ ಸೊನ್ನೆಯಾಗುವ ಬಿಂದುವಿನವರೆಗೆ. ಭಾಗಲಬ್ಧದ ಶ್ರೇಣಿ ಎರಡು ಮೂಲ ಶ್ರೇಣಿಗಳ ತ್ರಿಜ್ಯಗಳ ಒಳಗೆ, ಭಾಜಕದ ಹತ್ತಿರದ ಸೊನ್ನೆಬಿಂದುವಿನವರೆಗೆ ಖಂಡಿತವಾಗಿ ನಡೆಯುತ್ತದೆ. ಇದರ ಪೂರ್ಣ ಸಾಧನೆಗೆ ಸಮ್ಮಿಶ್ರ ವಿಶ್ಲೇಷಣೆ ಬೇಕು, ಅದು ನಿಮಗೆ ಮುಂದೆ ಬರುತ್ತದೆ.

ಅಂಕೆಗಳಲ್ಲಿ ನೋಡಿ. ಚ = 0.5 ಇಟ್ಟರೆ ಐದು ಪದಗಳಿಗೆ 0.54630, ಟ್ಯಾನ್ 0.5ರ ನಿಜವಾದ ಬೆಲೆಯೂ ಐದು ದಶಮಾಂಶಗಳಿಗೆ ಅದೇ. ಚ = 1ಕ್ಕೆ ಐದು ಪದಗಳ ಮೊತ್ತ 1.5425, ನಿಜವಾದದ್ದು 1.5574, ಗಡಿ ಹತ್ತಿರವಾದಂತೆ ಕಾಲು ಭಾರವಾಗುತ್ತಿದೆ. ಚ = 2 ಇಟ್ಟರೆ ಪದಗಳು 2, 2.67, 4.27, 6.91, 11.2 ಎಂದು ಉಬ್ಬುತ್ತವೆ. ಇನ್ನೊಂದು ವಿನೋದ: ಈ ಶ್ರೇಣಿಯ ಸಹಗುಣಕಗಳೆಲ್ಲ ಧನ. ಆದರೆ ಟ್ಯಾನ್ 2 ಋಣ ಸಂಖ್ಯೆ, ಸುಮಾರು −2.185. ಧನ ಸಂಖ್ಯೆಗಳನ್ನು ಎಷ್ಟು ಕೂಡಿದರೂ ಋಣ ಬರುವುದುಂಟೇ? ಶ್ರೇಣಿ ಅಲ್ಲಿ ಸೋಲಲೇಬೇಕಿತ್ತು.

ಬಾವಿ ಯಾವಾಗಲೂ ಕಣ್ಣಿಗೆ ಕಾಣುವಂತೆಯೇ ಇರುತ್ತದೆ ಎಂದುಕೊಳ್ಳಬೇಡಿ. 1/(1 + ಚ²) ನೋಡಿ. ಛೇದ ಎಲ್ಲಿಯೂ ಸೊನ್ನೆಯಾಗುವುದಿಲ್ಲ, ರೇಖಾಚಿತ್ರ ಗುಡ್ಡದಂತೆ ನುಣುಪಾಗಿದೆ. ಆದರೂ ಅದರ ಶ್ರೇಣಿ 1 − ಚ² + ಚ⁴ − ಚ⁶ + … ಒಂದರ ಆಚೆಗೆ ಹೆಜ್ಜೆ ಇಡುವುದಿಲ್ಲ. ಏಕೆಂದರೆ ಛೇದದ ಸೊನ್ನೆಬಿಂದುಗಳು ನಮ್ಮ ರೇಖೆಯ ಮೇಲಿಲ್ಲ, ಸಮ್ಮಿಶ್ರ ಸಂಖ್ಯೆಗಳ ಸಮತಲದಲ್ಲಿ, −1ರ ವರ್ಗಮೂಲಗಳಲ್ಲಿವೆ. ಗೂಟದಿಂದ ಅವುಗಳ ದೂರ ಸರಿಯಾಗಿ 1. ಹಗ್ಗ ಸುತ್ತಲೂ ಒಂದೇ ಉದ್ದವಲ್ಲವೇ, ಉತ್ತರಕ್ಕೆ ಬಾವಿಯಿದ್ದರೆ ಪೂರ್ವಕ್ಕೂ ಅಷ್ಟೇ ಹೋಗಬಹುದು.

ಈ ಶ್ರೇಣಿಯನ್ನು ಪದಪದವಾಗಿ ಅನುಕಲಿಸಿದರೆ ವಿಲೋಮ ಟ್ಯಾನ್‌ನ ಶ್ರೇಣಿ ಬರುತ್ತದೆ, ಅದರಲ್ಲಿ ಚ = 1 ಇಟ್ಟರೆ ಪೈ/4 = 1 − 1/3 + 1/5 − 1/7 + … ಇದು ಕೇರಳದ ಮಾಧವನ ಪರಂಪರೆಯಲ್ಲಿ ಗ್ರೆಗರಿಗಿಂತ ಎರಡು ಶತಮಾನಕ್ಕೂ ಹಿಂದೆ ತಿಳಿದಿತ್ತು. ಜ್ಯೇಷ್ಠದೇವ 16ನೇ ಶತಮಾನದಲ್ಲಿ ಮಲಯಾಳದಲ್ಲಿ ಬರೆದ ಯುಕ್ತಿಭಾಷಾದಲ್ಲಿ ಇದರ ಉಪಪತ್ತಿ ಇದೆ. ಅಲ್ಲಿ ನಡೆಯುವುದೂ ಭಾಗಾಕಾರವೇ: ಭಾಜಕ ತುಸು ದೊಡ್ಡದಾಗಿದೆ, ಅದರ ಬದಲು ಸುಲಭವಾದ ಭಾಜಕದಿಂದ ಭಾಗಿಸು, ಆದ ಹೆಚ್ಚಳವನ್ನು ತಿದ್ದು, ಆ ತಿದ್ದುಪಡಿಯಲ್ಲೂ ಅದೇ ತೊಡಕು ಬರುತ್ತದೆ, ಅದನ್ನೂ ತಿದ್ದು. ತಿದ್ದುಪಡಿಗಳ ಸಾಲೇ ಶ್ರೇಣಿ. ದೀರ್ಘ ಭಾಗಾಕಾರದಲ್ಲಿ ಪ್ರತಿ ಹೆಜ್ಜೆಗೂ ಉಳಿಯುವ ಶೇಷವನ್ನು ಇಷ್ಟು ಚೆನ್ನಾಗಿ ವಿವರಿಸಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಭಾಜಕದ ಸ್ಥಿರಪದ ಸೊನ್ನೆಯಾಗಿದ್ದರೆ ಏನು ಮಾಡಬೇಕು? ಚ-ವನ್ನು ಹೊರಗೆ ತೆಗೆಯಬೇಕು. ಘಾತೀಯ ಫಲನದಿಂದ 1 ಕಳೆದರೆ ಚ + ಚ²/2 + ಚ³/6 + … ಉಳಿಯುತ್ತದೆ. ಅದು ಚ × (1 + ಚ/2 + ಚ²/6 + ಚ³/24 + …). ಚ-ವನ್ನು ಈ ಮೊತ್ತದಿಂದ ಭಾಗಿಸಿದರೆ ಮೇಲಿನ ಚ ಮತ್ತು ಕೆಳಗಿನ ಚ ಹೊಡೆದುಹೋಗಿ, ಕಂಸದೊಳಗಿನದರಿಂದ 1 ಅನ್ನು ಭಾಗಿಸುವುದಷ್ಟೇ ಉಳಿಯುತ್ತದೆ. ಉತ್ತರ 1 − ಚ/2 + ಚ²/12 − ಚ⁴/720 + … ಇದರೊಳಗೆ ಅಡಗಿರುವವು ಬರ್ನೂಲಿ ಸಂಖ್ಯೆಗಳು. ಶ್ರೀನಿವಾಸ ರಾಮಾನುಜನ್ 1911ರಲ್ಲಿ ಪ್ರಕಟಿಸಿದ ಮೊದಲ ಪ್ರಬಂಧದ ವಿಷಯ ಇವೇ ಸಂಖ್ಯೆಗಳು. ಇಲ್ಲಿಯೂ ಬಾವಿ ರೇಖೆಯ ಮೇಲಿಲ್ಲ, ಗೂಟದಿಂದ 2ಪೈ ದೂರದಲ್ಲಿ ಮೇಲೆ ಒಂದು, ಕೆಳಗೆ ಒಂದು.

ಇಲ್ಲೊಂದು ಬಲೆ ಇದೆ, ಚುರುಕಾದವರೂ ಬೀಳುತ್ತಾರೆ. ಮೇಲಿನ ಉತ್ತರ ಚ⁴ರವರೆಗೆ ಬೇಕಿದ್ದರೆ ಘಾತೀಯ ಶ್ರೇಣಿಯನ್ನು ಎಲ್ಲಿಯವರೆಗೆ ಬರೆಯಬೇಕು? ಚ⁵ರವರೆಗೆ. ಹೊರಗೆ ತೆಗೆದ ಒಂದು ಚ ಒಂದು ಘಾತವನ್ನು ತಿಂದುಹಾಕುತ್ತದೆ. ಚ⁴ಕ್ಕೇ ನಿಲ್ಲಿಸಿದರೆ ಕೊನೆಯ ಸಹಗುಣಕ ತಪ್ಪುತ್ತದೆ, ಅದು ತಪ್ಪು ಎಂದು ಯಾವ ಸೂಚನೆಯೂ ಸಿಗುವುದಿಲ್ಲ. ಗುಣಾಕಾರದಲ್ಲಿ ಇದು ತಿರುವುಮುರುವು: ಒಂದು ಸಾಲು ಚ-ದಿಂದ ಆರಂಭವಾಗುವುದಾದರೆ ಇನ್ನೊಂದನ್ನು ಒಂದು ಘಾತ ಕಡಿಮೆ ಬರೆದರೂ ನಡೆಯುತ್ತದೆ. ಲೆಕ್ಕ ಆರಂಭಿಸುವ ಮೊದಲೇ ಯಾವ ಘಾತದವರೆಗೆ ಎಂದು ಹಾಳೆಯ ಅಂಚಿನಲ್ಲಿ ಬರೆದುಕೊಳ್ಳಿ, ಅದರಾಚೆಯದನ್ನು ಕರುಣೆಯಿಲ್ಲದೆ ಬಿಸಾಡಿ.

ಇಷ್ಟೆಲ್ಲ ಶ್ರಮಕ್ಕೆ ಪ್ರತಿಫಲವೇನು ಎಂದು ನೀವು ಕೇಳಿಲ್ಲ, ನಿಮ್ಮ ಸಹಪಾಠಿಗಳು ಕೇಳುತ್ತಾರೆ. ಚ ಸೊನ್ನೆಯತ್ತ ಹೋದಾಗ (ಟ್ಯಾನ್ ಚ − ಸೈನ್ ಚ)/ಚ³ರ ಮಿತಿಬೆಲೆ ಕಂಡುಹಿಡಿಯಿರಿ ಎಂಬ ಪ್ರಶ್ನೆ ಬಂದರೆ, ಅಂಶ ಮತ್ತು ಛೇದಗಳನ್ನು ಮೂರು ಮೂರು ಸಲ ಅವಕಲಿಸುತ್ತ ಕುಳಿತವರು ಅರ್ಧ ಪುಟ ತುಂಬಿಸುತ್ತಾರೆ. ನಿಮಗೆ ಚ³ರ ಸಹಗುಣಕಗಳು ಗೊತ್ತು: 1/3 ಮತ್ತು −1/6. ಕಳೆದರೆ 1/2. ಮುಗಿಯಿತು.

ಕೊನೆಗೆ ನಿಮಗೊಂದು ಮನೆಗೆಲಸ. 1 ಅನ್ನು ಕೋಸೈನ್‌ನಿಂದ ಭಾಗಿಸಿ ಸೀಕೆಂಟ್‌ನ ಶ್ರೇಣಿ ತೆಗೆಯಿರಿ. 1 + ಚ²/2 + 5ಚ⁴/24 + 61ಚ⁶/720 + … ಬರಬೇಕು. ಆಮೇಲೆ ಅದನ್ನು ಅದರಿಂದಲೇ ಗುಣಿಸಿ, ಟ್ಯಾನ್‌ನ ಶ್ರೇಣಿಯನ್ನೂ ಟ್ಯಾನ್‌ನ ಶ್ರೇಣಿಯಿಂದಲೇ ಗುಣಿಸಿ, ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ. ಚ⁶ರ ಮನೆಯಲ್ಲಿ ಎರಡೂ ಕಡೆ 17/45 ಬಂದು ಹೊಡೆದುಹೋಗಬೇಕು. ಹೋಗದಿದ್ದರೆ ನಿಮ್ಮ ಹಾಳೆಯನ್ನು ನನಗೆ ಕಳುಹಿಸಿ, ಯಾವ ಎಳೆಯಲ್ಲಿ ಚುಕ್ಕಿ ತಪ್ಪಿತು ಎಂದು ಇಬ್ಬರೂ ಹುಡುಕೋಣ.